ಕೊಂಡ ಯಂತ್ರವು ಯಾರದು?

ಹಣ ಕೊಟ್ಟು ಕೊಂಡ ವಸ್ತುವು ಕೊಂಡವನ ಸ್ವತ್ತು ಎಂಬುದು ಲೋಕವ್ಯವಹಾರದ ಮೊದಲನೆಯ ಪಾಠ. ಸಂತೆಯಲ್ಲಿ ಕೊಂಡುತಂದ ಎತ್ತಿಗೆ ಲಾಳ ಕಟ್ಟಿಸುವಾಗ ಮಾರಿದವನ ಅಪ್ಪಣೆಯನ್ನು ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಕೊಡೆಯ ಕಡ್ಡಿ ಮುರಿದರೆ ಬಸ್ ನಿಲ್ದಾಣದ ಮೂಲೆಯಲ್ಲಿ ಕುಳಿತಿರುವ ಕೊಡೆ ರಿಪೇರಿಯವನ ಮುಂದೆ ಅದನ್ನು ಬಿಚ್ಚಿಡುತ್ತೇವೆಯೇ ಹೊರತು ಕೊಡೆ ಮಾಡಿದ ಕಂಪೆನಿಗೆ ಅರ್ಜಿ ಹಾಕುವುದಿಲ್ಲ. ಆದರೆ ಇಂದು ನಮ್ಮೆಲ್ಲರ ಕಿಸೆಗಳಲ್ಲಿಯೂ ಚೀಲಗಳಲ್ಲಿಯೂ ಇರುವ ಮೊಬೈಲ್ ಫೋನಿಗೆ ಈ ಪಾಠವು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ನನಗೊದಗಿದ ಒಂದು ಸಂಕಟವು ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿತು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಕನ್ನಡವನ್ನೂ ಅರ್ಥಶಾಸ್ತ್ರವನ್ನೂ ಐಚ್ಛಿಕವಾಗಿ ಓದುತ್ತಿರುವವಳು. ಆದರೂ ಉತ್ತರವನ್ನು ಹುಡುಕುತ್ತ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡಬೇಕೆನಿಸಿದೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

೧

೨೦೨೪ರ ದಸರಾ ರಜೆಯಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸಿ ತರುವಂತೆ ನಮ್ಮ ಕನ್ನಡದ ಅಧ್ಯಾಪಕರು ಹೇಳಿದ್ದರು. ನಮ್ಮ ಊರು ಮಲೆನಾಡಿನ ಒಂದು ಹಳ್ಳಿ. ನನ್ನ ಅಜ್ಜಿಗೆ ಬಾರದ ಹಾಡಿರಲಿಲ್ಲ: ಸೋಬಾನೆ, ನಾಟಿಯ ಪದ, ಬೀಸುವ ಪದ, ತೊಟ್ಟಿಲ ಪದ. ಹತ್ತು ದಿನಗಳಲ್ಲಿ ೩೭ ಹಾಡುಗಳನ್ನು ನನ್ನ ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡೆ. "ಇಷ್ಟೂ ಹಾಡು ಈ ಸಣ್ಣ ಪೆಟ್ಟಿಗೆಲಿ ಹಿಡೀತದೇನೇ ಹುಡುಗಿ?" ಎಂದು ಅಜ್ಜಿ ಕೇಳಿದಳು. "ಇನ್ನೂ ನೂರು ಹಿಡೀತದೆ ಅಜ್ಜಿ, ನೀ ಹಾಡು" ಎಂದೆ. ಆ ಫೋನನ್ನು ಕೊಂಡುಕೊಟ್ಟವಳು ನನ್ನ ಅಮ್ಮ. ೨೦೨೨ರಲ್ಲಿ, ಅಡಿಕೆ ಸುಲಿದು ಕೂಡಿಟ್ಟ ೧೧,೫೦೦ ರೂಪಾಯಿಗಳಿಂದ.

ಮುಂದಿನ ಸಂಕ್ರಾಂತಿ ಕಳೆದ ವಾರದಲ್ಲಿ ಅಜ್ಜಿ ತೀರಿಕೊಂಡಳು. ಅಷ್ಟು ಹೊತ್ತಿಗೆ ನಾನು ಕೇಳಿ ಬರೆದುಕೊಂಡಿದ್ದುದು ಒಂಬತ್ತೇ ಹಾಡುಗಳು. ಉಳಿದ ಇಪ್ಪತ್ತೆಂಟು ಫೋನಿನೊಳಗೇ ಇದ್ದವು. ಪರೀಕ್ಷೆ ಮುಗಿದ ಮೇಲೆ ಬರೆದರಾಯಿತೆಂದು ನಾನು ಉದಾಸೀನ ಮಾಡಿದೆ.

ಫೋನು ಅದಾಗಲೇ ಮುನ್ಸೂಚನೆ ಕೊಡುತ್ತಿತ್ತು. ನೂರಕ್ಕೆ ಮೂವತ್ತರಷ್ಟು ಶಕ್ತಿ ಉಳಿದಿದೆ ಎಂದು ತೋರಿಸುತ್ತಿದ್ದಂತೆಯೇ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ಮಾರ್ಚ್ ತಿಂಗಳಿನಲ್ಲಿ ಅದರ ಬೆನ್ನು ಸ್ವಲ್ಪ ಉಬ್ಬಿತು. ಒಂದು ದಿನ ಬೆಳಿಗ್ಗೆ ಎಷ್ಟು ಒತ್ತಿದರೂ ಬೆಳಕು ಬರಲಿಲ್ಲ.

ಕಂಪೆನಿಯ ಅಧಿಕೃತ ಸೇವಾಕೇಂದ್ರಕ್ಕೆ ಹೋದೆ. ಅಲ್ಲಿದ್ದ ಯುವಕನು ಸೌಜನ್ಯದಿಂದಲೇ ಮಾತನಾಡಿದನು. ಬ್ಯಾಟರಿಯೊಂದನ್ನೇ ಬದಲಾಯಿಸುವ ಪದ್ಧತಿ ತಮ್ಮಲ್ಲಿಲ್ಲವೆಂದೂ, ಗಾಜಿನ ಪರದೆಯೊಡನೆ ಸೇರಿದ ಇಡೀ ಭಾಗವನ್ನು ಬದಲಾಯಿಸಬೇಕಾಗುವುದೆಂದೂ, ಅದಕ್ಕೆ ೫,೨೦೦ ರೂಪಾಯಿ ತಗಲುವುದೆಂದೂ, ಒಳಗಿರುವುದೆಲ್ಲ ಅಳಿಸಿಹೋಗುವುದಕ್ಕೆ ಒಪ್ಪಿ ರುಜು ಹಾಕಬೇಕೆಂದೂ ಹೇಳಿದನು. "ಇದಕ್ಕೆ ಇಷ್ಟು ಖರ್ಚು ಮಾಡೋ ಬದಲು ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಂಡ್ಬಿಡಿ ಮೇಡಂ" ಎಂದು ಸಲಹೆಯನ್ನೂ ಕೊಟ್ಟನು. ಲೆಕ್ಕದ ದೃಷ್ಟಿಯಿಂದ ಅವನ ಮಾತು ಸರಿಯಾಗಿಯೇ ಇದ್ದಿರಬಹುದು. ಆದರೆ ಹೊಸ ಫೋನಿನಲ್ಲಿ ನನ್ನ ಅಜ್ಜಿಯ ಹಾಡುಗಳಿರುವುದಿಲ್ಲ.

ಹಾಸ್ಟೆಲಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಕರೆದುಕೊಂಡು ಹೋದಳು. ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್ ಎಂದು ಹೆಸರಾಗಿರುವ ಆ ಬೀದಿಯಲ್ಲಿ ಒಂದು ಮಂಚದಷ್ಟು ಅಗಲದ ಅಂಗಡಿ. ಯಜಮಾನರು ನಡುವಯಸ್ಸಿನವರು. ಫೋನನ್ನು ಮಗ್ಗುಲಾಗಿ ಹಿಡಿದು ನೋಡಿ, "ಬ್ಯಾಟರಿ ಉಬ್ಬಿದೆ ಅಷ್ಟೇಮ್ಮ, ಬೋರ್ಡಿಗೇನೂ ಆಗಿರಲ್ಲ" ಎಂದರು. ಬಿಸಿ ಗಾಳಿಯಿಂದ ಅಂಚನ್ನು ಮೆತ್ತಗೆ ಮಾಡಿ, ತೆಳುವಾದ ಪ್ಲಾಸ್ಟಿಕ್ ಚೂರೊಂದನ್ನು ಸಂದಿಯಲ್ಲಿ ತೂರಿಸಿ, ಉಸಿರು ಬಿಗಿಹಿಡಿದು ಸುತ್ತಲೂ ಎಳೆದರು. ದಿಂಬಿನಂತೆ ಉಬ್ಬಿದ್ದ ಬ್ಯಾಟರಿಯನ್ನು ಬಿಡಿಸಿ ಮರಳಿನ ಡಬ್ಬಿಯೊಳಕ್ಕೆ ಹಾಕಿ, ಹೊಸದನ್ನು ಕೂರಿಸಿದರು. ಫೋನು ಬೆಳಗಿತು. "ಎಷ್ಟಾಯಿತಣ್ಣ?" ಎಂದು ಕೇಳಿದೆ. "ದುಡ್ಡು ಆಮೇಲೆ ಕೊಡಿವ್ರಂತೆ. ಮೊದಲು ನಿಮ್ಮ ಹಾಡು ಇಳಿಸ್ಕೊಳ್ಳಿ" ಎಂದು ತಮ್ಮ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದರು. ೩೭ ಹಾಡುಗಳೂ ಇದ್ದವು. ಅವರು ತೆಗೆದುಕೊಂಡುದು ೧,೧೦೦ ರೂಪಾಯಿ.

ಕೆಲಸ ನಡೆಯುತ್ತಿದ್ದಾಗ ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು: "ಸ್ಕ್ರೂ ಹಾಕಿದವನು, ಮುಂದೊಂದು ದಿನ ಯಾರಾದರೂ ಬಿಚ್ಚುತಾರೆ ಅಂತ ಯೋಚನೆ ಮಾಡಿರ್ತಾನೆ. ಗೋಂದು ಹಾಕಿದವನು ಆ ಯೋಚನೆ ಮಾಡಿರಲ್ಲ." ಈ ಮಾತನ್ನು ಪರೀಕ್ಷಿಸಿ ನೋಡಬೇಕೆಂದು ಆಗಲೇ ನಿಶ್ಚಯಿಸಿದೆ.

೨

ಬ್ಯಾಟರಿಯು ಕೆಡುವುದೇ ಒಂದು ಮೋಸವೆ ಎಂಬುದನ್ನು ಮೊದಲು ವಿಚಾರಿಸೋಣ. ಅಲ್ಲವೆಂದೇ ಹೇಳಬೇಕಾಗುತ್ತದೆ.

ನಮ್ಮ ಫೋನುಗಳಲ್ಲಿರುವುದು ಲಿಥಿಯಮ್-ಅಯಾನ್ ಬ್ಯಾಟರಿ. ೧೯೯೧ರಲ್ಲಿ ಸೋನಿ ಕಂಪೆನಿಯು ಇದನ್ನು ಮೊದಲು ಮಾರಾಟಕ್ಕೆ ತಂದಿತು. ಇದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಇದರ ಒಂದು ಕಡೆ ಲಿಥಿಯಮ್ ಸೇರಿದ ಲೋಹದ ಆಕ್ಸೈಡೂ ಇನ್ನೊಂದು ಕಡೆ ಗ್ರಾಫೈಟೂ ಇರುತ್ತವೆ. ನಡುವೆ ಒಂದು ದ್ರವ. ಚಾರ್ಜ್ ಮಾಡುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ಹೋಗಿ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಹೀಗೆ ಹೋಗಿ ಬರುವಾಗ ಕೆಲವು ಅಯಾನುಗಳು ಗ್ರಾಫೈಟಿನ ಮೇಲೆ ಬೆಳೆಯುವ ಒಂದು ತೆಳುವಾದ ಪೊರೆಯಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ. ಹಿಟ್ಟಿನ ಚೀಲವನ್ನು ಪ್ರತಿಸಲ ಕೊಡವಿದಾಗಲೂ ಒಂದಿಷ್ಟು ಹಿಟ್ಟು ಬಟ್ಟೆಗೇ ಅಂಟಿಕೊಳ್ಳುವಂತೆ ಇದು. ಅನೇಕ ಫೋನುಗಳಲ್ಲಿ ಸುಮಾರು ೫೦೦ ಸಲ ಪೂರ್ತಿ ಚಾರ್ಜ್ ಮಾಡಿ ಬಳಸಿದ ಮೇಲೆ ಮೊದಲಿನ ಧಾರಣಶಕ್ತಿಯಲ್ಲಿ ನೂರಕ್ಕೆ ೮೦ರಷ್ಟು ಉಳಿದಿರಬೇಕೆಂದು ತಯಾರಕರು ಲೆಕ್ಕ ಹಾಕಿರುತ್ತಾರೆ.

ಇದರ ಜೊತೆಗೆ ಬ್ಯಾಟರಿಯ ಒಳಗಿನ ವಿದ್ಯುತ್ ರೋಧವೂ ವಯಸ್ಸಿನೊಡನೆ ಹೆಚ್ಚುತ್ತದೆ. ಆಗ ಫೋನು ಒಮ್ಮೆಗೇ ಹೆಚ್ಚು ಶಕ್ತಿಯನ್ನು ಬೇಡಿದರೆ ವೋಲ್ಟೇಜು ಕುಸಿದು ಯಂತ್ರವು ಆರಿಹೋಗುತ್ತದೆ. ಮೂವತ್ತರ ಅಂಕಿ ತೋರಿಸುತ್ತಿದ್ದಾಗಲೇ ನನ್ನ ಫೋನು ಆರುತ್ತಿದ್ದುದರ ಗುಟ್ಟು ಇದೇ. ಒಳಗಿನ ದ್ರವವು ಕೆಟ್ಟು ಅನಿಲವಾದರೆ ಬ್ಯಾಟರಿಯು ಉಬ್ಬುತ್ತದೆ. ಶಾಖವೂ, ಸದಾ ತುಂಬಿದ ಸ್ಥಿತಿಯಲ್ಲಿರುವುದೂ ಈ ಮುಪ್ಪನ್ನು ಬೇಗ ತರುತ್ತವೆ. ಇಡೀ ರಾತ್ರಿ ದಿಂಬಿನ ಕೆಳಗೆ ಚಾರ್ಜಿಗೆ ಹಾಕಿಟ್ಟು ಮಲಗುತ್ತಿದ್ದ ನನ್ನ ತಪ್ಪೂ ಇದರಲ್ಲಿ ಸೇರಿದೆ.

ಆದುದರಿಂದ ಬ್ಯಾಟರಿಯು ಸವೆಯುವುದು ಪ್ರಕೃತಿಧರ್ಮ. ಎತ್ತಿನ ಲಾಳವೂ ಸವೆಯುತ್ತದೆ. ಸವೆಯುವುದೆಂದು ಮೊದಲೇ ಗೊತ್ತಿರುವ ಭಾಗವನ್ನು ಬದಲಾಯಿಸಲಾಗದಂತೆ ಏಕೆ ಕೂರಿಸಬೇಕು ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

೩

ಈ ಪ್ರಶ್ನೆಗೆ ಒಂದು ನೂರು ವರ್ಷಗಳ ಚರಿತ್ರೆಯಿದೆ. ೧೯೨೪ರಲ್ಲಿ ಲೋಕದ ಪ್ರಮುಖ ವಿದ್ಯುದ್ದೀಪದ ತಯಾರಕರು ಜಿನೀವಾದಲ್ಲಿ ಸೇರಿ 'ಫೀಬಸ್' ಎಂಬ ಕೂಟವನ್ನು ಕಟ್ಟಿಕೊಂಡರು. ಮನೆಯ ಬಲ್ಬಿನ ಆಯುಷ್ಯ ೧,೦೦೦ ಗಂಟೆಗಳೆಂದು ಗೊತ್ತುಮಾಡಿ, ಅದಕ್ಕಿಂತ ಹೆಚ್ಚು ಕಾಲ ಉರಿಯುವ ಬಲ್ಬನ್ನು ತಯಾರಿಸಿದ ಸದಸ್ಯನಿಗೆ ದಂಡ ವಿಧಿಸುತ್ತಿದ್ದರು. ಹೆಚ್ಚು ಬಾಳುವ ವಸ್ತುವನ್ನು ಮಾಡಿದವನಿಗೆ ದಂಡ! ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಏಕಸ್ವಾಮ್ಯದ ಕೇಡುಗಳನ್ನು ಓದುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ತಂತಿಯ ಬಲ್ಬು ಹೆಚ್ಚು ಕಾಲ ಬಾಳಬೇಕಾದರೆ ತಂತಿಯನ್ನು ಕಡಿಮೆ ಕಾಯಿಸಬೇಕು. ಆಗ ಅಷ್ಟೇ ವಿದ್ಯುತ್ತಿಗೆ ಬೆಳಕು ಕಡಿಮೆಯಾಗುತ್ತದೆ. ಬ್ರಿಟನ್ನಿನ ಏಕಸ್ವಾಮ್ಯ ವಿಚಾರಣಾ ಆಯೋಗವು ೧೯೫೧ರ ತನ್ನ ವರದಿಯಲ್ಲಿ ಈ ಅಂಶವನ್ನು ಎತ್ತಿಹೇಳಿತು. ಅಂದರೆ ಒಂದೇ ನಿರ್ಧಾರದಲ್ಲಿ ತಂತ್ರಜ್ಞಾನದ ಕಾರಣವೂ ಲಾಭದ ಕಾರಣವೂ ಹೆಣೆದುಕೊಂಡಿರಬಹುದು. ಎರಡನ್ನೂ ಬಿಡಿಸಿ ನೋಡುವುದು ವಿದ್ಯಾವಂತರ ಕರ್ತವ್ಯ.

೧೯೩೨ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಮೆರಿಕದ ಬರ್ನಾರ್ಡ್ ಲಂಡನ್ ಎಂಬಾತನು ಒಂದು ಕಿರುಹೊತ್ತಗೆಯನ್ನು ಬರೆದನು. ವಸ್ತುಗಳಿಗೆ ಸರಕಾರವೇ ಆಯುಷ್ಯವನ್ನು ಗೊತ್ತುಮಾಡಬೇಕು, ಅವಧಿ ಮೀರಿ ಬಳಸುವವರ ಮೇಲೆ ತೆರಿಗೆ ಹಾಕಬೇಕು, ಆಗ ಕಾರ್ಖಾನೆಗಳಿಗೆ ಕೆಲಸ ಸಿಕ್ಕುತ್ತದೆ ಎಂಬುದು ಅವನ ವಾದ. ೧೯೫೪ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರನು ಇದೇ ಮಾತನ್ನು ನಯವಾದ ರೀತಿಯಲ್ಲಿ ಪ್ರಚಾರ ಮಾಡಿದನು. ವಸ್ತುವು ಒಡೆಯಬೇಕಾಗಿಲ್ಲ, ಅವಶ್ಯಕತೆಗಿಂತ ಮೊದಲೇ ಹೊಸದನ್ನು ಕೊಳ್ಳುವ ಆಸೆಯನ್ನು ಕೊಳ್ಳುವವನಲ್ಲಿ ಹುಟ್ಟಿಸಿದರೆ ಸಾಕು ಎಂಬುದು ಅವನ ತಾತ್ಪರ್ಯ. ಮೊದಲನೆಯ ಮಾರ್ಗಕ್ಕಿಂತ ಎರಡನೆಯದೇ ನಮ್ಮನ್ನು ಹೆಚ್ಚು ಆಳುತ್ತಿದೆ ಎಂದು ನನಗೆ ತೋರುತ್ತದೆ. ನಮ್ಮ ತರಗತಿಯಲ್ಲಿ ನೆಟ್ಟಗಿರುವ ಫೋನನ್ನೇ ಬದಲಾಯಿಸಿ ತಿಂಗಳ ಕಂತು ಕಟ್ಟುತ್ತಿರುವವರು ಎಷ್ಟು ಜನರಿಲ್ಲ?

೪

ಇನ್ನು ಗೋಂದಿನ ವಿಷಯ. ಅಂಟಿಸಿದ ಫೋನು ತೆಳ್ಳಗಿರುತ್ತದೆ, ನೀರು ಧೂಳುಗಳನ್ನು ತಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

೨೦೦೩ರಲ್ಲಿ ಬಂದ ನೋಕಿಯಾ ೧೧೦೦ ಎಂಬ ಟಾರ್ಚಿರುವ ಫೋನು ನಮ್ಮ ತಂದೆಯ ತಲೆಮಾರಿನವರಿಗೆಲ್ಲ ಪರಿಚಿತ; ಲೋಕದಲ್ಲಿ ೨೫ ಕೋಟಿಗೂ ಹೆಚ್ಚು ಮಾರಾಟವಾಯಿತು. ಉಗುರಿನಿಂದ ಬೆನ್ನಿನ ಮುಚ್ಚಳವನ್ನು ತೆಗೆದರೆ ಒಳಗೆ 'ಬಿಎಲ್-೫ಸಿ' ಎಂಬ ಬ್ಯಾಟರಿ. ಆ ಅಳತೆಯ ಬ್ಯಾಟರಿಯನ್ನು ಸಂತೆಯಲ್ಲಿ ಮಾರುವ ಹಾಡಿನ ಪೆಟ್ಟಿಗೆಗಳಲ್ಲಿ ಈಗಲೂ ಕಾಣಬಹುದು. ಒಬ್ಬ ತಯಾರಕರು ಮಾಡಿದ ಈ ಜಾತಿಯ ೪ ಕೋಟಿ ೬೦ ಲಕ್ಷ ಬ್ಯಾಟರಿಗಳು ಅತಿಯಾಗಿ ಕಾಯುವ ಸಂಭವವಿದೆಯೆಂದು ೨೦೦೭ರ ಆಗಸ್ಟಿನಲ್ಲಿ ನೋಕಿಯಾ ಪ್ರಕಟಿಸಿ, ಬದಲಿ ಬ್ಯಾಟರಿ ಕೊಡಲು ಒಪ್ಪಿತು. ಫೋನುಗಳು ಜನರ ಕೈಯಲ್ಲಿಯೇ ಉಳಿದವು. ಬದಲಾದುದು ಬ್ಯಾಟರಿ ಮಾತ್ರ. ೨೦೧೬ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ೭ ಎಂಬ ಫೋನಿನ ಬ್ಯಾಟರಿಗಳಿಗೆ ಬೆಂಕಿ ಹತ್ತತೊಡಗಿತು. ಆ ಬ್ಯಾಟರಿಯು ಒಳಗೆ ಬಿಗಿದು ಕೂರಿಸಿದ್ದು. ಆದುದರಿಂದ ಸುಮಾರು ೨೫ ಲಕ್ಷ ಫೋನುಗಳನ್ನೇ ಹಿಂದಕ್ಕೆ ಕರೆಸಬೇಕಾಯಿತು. ಬದಲಿಗೆ ಕೊಟ್ಟವಕ್ಕೂ ಬೆಂಕಿ ಹತ್ತಿದಾಗ ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಒಂದು ಭಾಗದ ದೋಷವು ಇಡೀ ಯಂತ್ರವನ್ನು ಬಲಿ ತೆಗೆದುಕೊಂಡಿತು.

ಅಂಟಿಗಿಂತಲೂ ಸೂಕ್ಷ್ಮವಾದ ಇನ್ನೊಂದು ಕಟ್ಟು ತಂತ್ರಾಂಶದ್ದು. ಬ್ಯಾಟರಿ ಹಳತಾದ ಐಫೋನುಗಳು ಹಠಾತ್ತಾಗಿ ಆರಿಹೋಗದಿರಲೆಂದು ಅವುಗಳ ವೇಗವನ್ನು ತಾನು ತಗ್ಗಿಸುತ್ತಿದ್ದುದಾಗಿ ೨೦೧೭ರ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡಿತು. ಉಪಾಯವು ತಾಂತ್ರಿಕವಾಗಿ ಅಸಂಗತವಾದುದೇನಲ್ಲ. ಆದರೆ ಅದನ್ನು ಗ್ರಾಹಕರಿಗೆ ಹೇಳಿರಲಿಲ್ಲ. ಬ್ಯಾಟರಿ ಬದಲಾಯಿಸಿದರೆ ಸರಿಹೋಗುವುದೆಂದು ತಿಳಿದಿದ್ದರೆ ಹೊಸ ಫೋನು ಕೊಳ್ಳದೆ ಇರುತ್ತಿದ್ದವರು ಎಷ್ಟೋ! ಹೀಗೆ ತಿಳಿಸದೆ ಇದ್ದುದಕ್ಕಾಗಿಯೇ ೨೦೨೦ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಎರಡೂವರೆ ಕೋಟಿ ಯೂರೊ ದಂಡವನ್ನು ವಿಧಿಸಿದರು.

ನನ್ನ ಫೋನಿನ ಕಥೆಯೂ ಬ್ಯಾಟರಿಯೊಂದಿಗೆ ಮುಗಿಯಲಿಲ್ಲ. ಈಗ ಅದು ದೈಹಿಕವಾಗಿ ಆರೋಗ್ಯವಾಗಿದೆ. ಆದರೆ ತಯಾರಕರು ಅದಕ್ಕೆ ರಕ್ಷಣೆಯ ಪರಿಷ್ಕರಣೆಗಳನ್ನು ಕಳುಹಿಸುವುದನ್ನು ನಿಲ್ಲಿಸಿದ್ದಾರೆ. ಹಣ ಕಳುಹಿಸುವ ಒಂದು ಆ್ಯಪ್ ಅದರಲ್ಲಿ ನಡೆಯುವುದಿಲ್ಲವೆಂದು ಹೇಳುತ್ತಿದೆ. ಸಾದರ ಪತ್ರಪ್ಪ ರಸ್ತೆಯ ಯಾವ ಬಿಸಿ ಗಾಳಿಯೂ ಈ ಗಂಟನ್ನು ಸಡಿಲಿಸಲಾರದು.

ನಮ್ಮ ಅಜ್ಜನ ಕೈಗಡಿಯಾರವು ಎಚ್.ಎಂ.ಟಿ. ಜನತಾ. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ೧೯೬೧ರಲ್ಲಿ ಆರಂಭವಾಯಿತು; ಆ ಗಡಿಯಾರಗಳ ಸಂಸ್ಥೆಯನ್ನು ಮುಚ್ಚಲು ೨೦೧೬ರಲ್ಲಿ ಸರಕಾರವು ತೀರ್ಮಾನಿಸಿತು. ತಾಯಿ ಹೋದರೂ ಕೂಸು ನಡೆಯುತ್ತಿದೆ. ಪೇಟೆಯ ಗಡಿಯಾರದ ಅಂಗಡಿಯವರು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಡುತ್ತಾರೆ. ಅಜ್ಜನು ದಿನವೂ ಬೆಳಿಗ್ಗೆ ಕೀಲಿ ಕೊಡುತ್ತಾನೆ. ಎಲ್ಲ ಯಂತ್ರಗಳೂ ಹೀಗೆಯೇ ಇರಬೇಕೆಂದು ನಾನು ಹೇಳಲಾರೆ. ಗಡಿಯಾರವು ಹಾಡನ್ನು ಹಿಡಿದಿಡುವುದಿಲ್ಲ. ಆದರೆ ಮಾಡಿದವರು ಇಲ್ಲದಿದ್ದರೂ ಬಾಳಬಲ್ಲ ಯಂತ್ರವೇ ನಿಜವಾಗಿ ಕೊಂಡವನದು ಎಂಬುದನ್ನು ಅದರಿಂದ ತಿಳಿಯಬಹುದು.

೫

ಈ ಅನ್ಯಾಯಕ್ಕೆ ಪರಿಹಾರವೇ ಇಲ್ಲವೆ? ಕೆಲವು ದೇಶಗಳು ಆ ದಾರಿಯಲ್ಲಿ ನಡೆದಿವೆ. ಫ್ರಾನ್ಸಿನಲ್ಲಿ ೨೦೨೧ರ ಜನವರಿಯಿಂದ, ಫೋನು ಮೊದಲಾದ ವಸ್ತುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬುದನ್ನು ಹತ್ತಕ್ಕೆ ಇಷ್ಟು ಅಂಕವೆಂದು ಮಾರುವಾಗಲೇ ತೋರಿಸಬೇಕಾಯಿತು. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ ನಿಯಮಗಳಿವೆ: ೮೦೦ ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ನೂರಕ್ಕೆ ೮೦ರಷ್ಟು ಶಕ್ತಿ ಉಳಿದಿರಬೇಕು, ಆ ಮಾದರಿಯ ಮಾರಾಟವು ನಿಂತ ಮೇಲೂ ೭ ವರ್ಷ ಮುಖ್ಯವಾದ ಬಿಡಿಭಾಗಗಳೂ ೫ ವರ್ಷ ತಂತ್ರಾಂಶದ ಪರಿಷ್ಕರಣೆಗಳೂ ದೊರೆಯಬೇಕು. ಬಳಸುವವರೇ ಬ್ಯಾಟರಿಯನ್ನು ತೆಗೆದು ಬದಲಾಯಿಸುವಂತಿರಬೇಕೆಂಬ ಇನ್ನೊಂದು ನಿಯಮಕ್ಕೆ, ಕೆಲವು ವಿನಾಯಿತಿಗಳೊಡನೆ, ೨೦೨೭ರ ಫೆಬ್ರುವರಿ ೧೮ನ್ನು ಗೊತ್ತುಪಡಿಸಲಾಗಿದೆ. ಅಸಾಧ್ಯವೆಂದು ಹೇಳುತ್ತಿದ್ದುದೆಲ್ಲವೂ ಕಾನೂನು ಬಂದ ಕೂಡಲೆ ಸಾಧ್ಯವಾಗಿಬಿಡುತ್ತದೆ!

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರಲ್ಲಿ 'ರಿಪೇರಿಯ ಹಕ್ಕು' ಕುರಿತು ಒಂದು ಸಮಿತಿಯನ್ನು ನೇಮಿಸಿ, ಅದೇ ವರ್ಷ ಡಿಸೆಂಬರ್ ೨೪ರಂದು, ಎಂದರೆ ರಾಷ್ಟ್ರೀಯ ಗ್ರಾಹಕರ ದಿನದಂದು, ಅದಕ್ಕಾಗಿ ಒಂದು ಜಾಲತಾಣವನ್ನು ತೆರೆಯಿತು. ಮೊಬೈಲ್ ಫೋನುಗಳು, ಗೃಹೋಪಯೋಗಿ ಯಂತ್ರಗಳು, ವಾಹನಗಳು ಮತ್ತು ಕೃಷಿಯ ಯಂತ್ರಗಳು ಎಂಬ ನಾಲ್ಕು ವಿಭಾಗಗಳನ್ನು ಅದು ಆರಿಸಿಕೊಂಡಿತು. ಔಷಧಿ ಹೊಡೆಯುವ ಯಂತ್ರದ ಒಂದು ಬಿಡಿಭಾಗಕ್ಕಾಗಿ ಮಳೆಗಾಲದಲ್ಲಿ ವಾರಗಟ್ಟಲೆ ಕಾದ ರೈತರ ಮನೆಯಿಂದ ಬಂದವಳಾದ ನನಗೆ, ಕೊನೆಯ ವಿಭಾಗವೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಇರುವ ಕಾನೂನನ್ನಾದರೂ ನಾವು ತಿಳಿದಿರಬೇಡವೆ? ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೋಷಯುಕ್ತ ವಸ್ತುವನ್ನು ಕುರಿತು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲವೆಂದು ನಿಯಮ ಮಾಡಲಾಗಿದೆ. ೧೯೧೫ ಎಂಬ ಸಂಖ್ಯೆಯು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಯದು. ಇವಾವುದಕ್ಕೂ ರಸೀದಿಯೇ ಆಧಾರ. ನನ್ನ ಫೋನಿನ ರಸೀದಿಯನ್ನು ನಾನು ಕಳೆದುಹಾಕಿದ್ದೆನೆಂದು ಇಲ್ಲಿ ನಾಚಿಕೆಯಿಂದಲೇ ಬರೆಯಬೇಕಾಗಿದೆ.

೬

ವಿಷಯವು ನನ್ನೊಬ್ಬಳದಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೨೦೨೨ರ ಒಂದೇ ವರ್ಷದಲ್ಲಿ ಲೋಕದಲ್ಲಿ ಉತ್ಪನ್ನವಾದ ವಿದ್ಯುನ್ಮಾನ ಕಸವು ೬ ಕೋಟಿ ೨೦ ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದಕ್ಕೆ ದಾಖಲೆಯಿರುವುದು ನೂರಕ್ಕೆ ೨೨.೩ರಷ್ಟು ಮಾತ್ರ. ಹನ್ನೊಂದು ನೂರು ರೂಪಾಯಿಯ ಬ್ಯಾಟರಿ ದೊರೆಯದಿದ್ದರೆ ನನ್ನ ಫೋನೂ ಆ ರಾಶಿಗೇ ಸೇರುತ್ತಿತ್ತು; ಅದರ ಜೊತೆಗೆ ಇಪ್ಪತ್ತೆಂಟು ಹಾಡುಗಳೂ.

ಸಹಪಾಠಿಗಳಿಗೆ ಅನುಭವದಿಂದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಫೋನು ಕೊಳ್ಳುವಾಗ ಚಿತ್ರ ತೆಗೆಯುವ ಸಾಮರ್ಥ್ಯವನ್ನು ವಿಚಾರಿಸುವಂತೆಯೇ, ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ, ಪರಿಷ್ಕರಣೆಗಳು ಎಷ್ಟು ವರ್ಷ ಬರುತ್ತವೆ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಹೇಳುವವರೂ ಹುಟ್ಟುತ್ತಾರೆ. ರಸೀದಿಯನ್ನು ಕಾಪಾಡಿ. ಶಾಖಕ್ಕೆ ಒಡ್ಡಬೇಡಿ, ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿಯು ಉಬ್ಬಿದುದನ್ನು ಕಂಡರೆ ಒತ್ತದೆ, ಚುಚ್ಚದೆ, ಚಾರ್ಜಿಗೆ ಹಾಕದೆ ಬಲ್ಲವರಲ್ಲಿಗೆ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಸಿಕ್ಕದಂಥದನ್ನು ಒಂದೇ ಯಂತ್ರದಲ್ಲಿ ಇಡಬೇಡಿ. ಯಂತ್ರ ಮಾಡಿದವರ ತಪ್ಪನ್ನು ಇಷ್ಟು ಉದ್ದಕ್ಕೆ ಬರೆದ ನಾನು, ಈ ಕೊನೆಯ ತಪ್ಪು ನನ್ನದೇ ಎಂಬುದನ್ನು ಮರೆತಿಲ್ಲ.

೩೭ ಹಾಡುಗಳನ್ನೂ ಈಗ ನೋಟುಪುಸ್ತಕದಲ್ಲಿ ಬರೆದು ಮುಗಿಸಿದ್ದೇನೆ. ಕನ್ನಡ ವಿಭಾಗದಲ್ಲಿ ಒಂದು ಪ್ರತಿಯಿದೆ. ಧ್ವನಿಮುದ್ರಣವು ಅಮ್ಮನ ಫೋನಿನಲ್ಲಿಯೂ ಇದೆ. ಹದಿನಾಲ್ಕನೆಯ ಹಾಡಿನ ನಡುವೆ ಅಜ್ಜಿಯು ಒಂದು ಸೊಲ್ಲನ್ನು ಮರೆತು, "ತಡಿಯೇ, ನೆನಪಾಗ್ತದೆ" ಎಂದು ಸುಮ್ಮನೆ ಕುಳಿತಿದ್ದಾಳೆ. ಹಿತ್ತಿಲಲ್ಲಿ ಕೋಳಿ ಕೂಗುತ್ತದೆ. ಆಮೇಲೆ ಅವಳಿಗೆ ನೆನಪಾಗಿ ಹಾಡು ಮುಂದುವರಿಯುತ್ತದೆ. ಬರೆಯುವಾಗ ಆ ಮೌನವನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ.